ಟೆಂಪೆಲ್‌ಹೋಫ್: ವಿಮಾನ ಹೋದ ಮೇಲೆ ಆ ಬಯಲನ್ನು ಏನು ಮಾಡಿದರು?

ಊರ ನಡುವಿನ ವಿಮಾನ ನಿಲ್ದಾಣ ಮುಚ್ಚಿದ ಕೂಡಲೇ ಎರಡು ಕೂಗು ಏಳುತ್ತವೆ. ಒಂದು ಗುಂಪು ಕಾಡು ಬೆಳೆಸಿ ಅನ್ನುತ್ತದೆ, ಇನ್ನೊಂದು ಮನೆ ಕಟ್ಟಿ ಅನ್ನುತ್ತದೆ. ಬರ್ಲಿನ್‌ನ ಟೆಂಪೆಲ್‌ಹೋಫ್‌ನಲ್ಲಿ ಎರಡೂ ಆಗಲಿಲ್ಲ. 2008ರ ಅಕ್ಟೋಬರ್ 30ರಂದು ನಿಲ್ದಾಣ ಮುಚ್ಚಿತು, 2010ರ ಮೇ 8ರಂದು ಅದೇ ಜಾಗ ಸಾರ್ವಜನಿಕ ಬಯಲಾಗಿ ತೆರೆಯಿತು. ರನ್‌ವೇ ಎರಡೂ ಇದ್ದಲ್ಲೇ ಇವೆ. ಹುಲ್ಲು ಇದ್ದಲ್ಲೇ ಇದೆ. ಬೇಲಿಯೂ ಇದೆ. ಮುನ್ನೂರು ಹೆಕ್ಟೇರಿಗೂ ಹೆಚ್ಚು, ಅಂದರೆ ಸುಮಾರು 750 ಎಕರೆ. ನಮ್ಮ ಲಾಲ್‌ಬಾಗ್ 240 ಎಕರೆ, ಹಾಗಾಗಿ ಮೂರು ಲಾಲ್‌ಬಾಗ್ ಸೇರಿದಷ್ಟು ಜಾಗ, ಅದೂ ಊರಿನ ನಟ್ಟನಡುವೆ.

ಇಂಥ ಜಾಗವನ್ನು ಪಾರ್ಕ್ ಮತ್ತು ಕಾರ್ಯಕ್ರಮದ ಅಂಗಳ ಎರಡೂ ಆಗಿ ನಡೆಸುವಾಗ ಏನೇನು ಮಾಡಬೇಕಾಗುತ್ತದೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಟೆಂಪೆಲ್‌ಹೋಫ್ ಇಟ್ಟುಕೊಂಡೇ ಹೇಳಬಹುದು. ಅಲ್ಲಿ ಸರಿಯಾದ ಒಂದು ತೀರ್ಮಾನ ಅಂದರೆ ಹುಲ್ಲನ್ನೂ ಕಾಂಕ್ರೀಟನ್ನೂ ಬೇರೆ ಬೇರೆ ಕೈಗೆ ಕೊಟ್ಟಿದ್ದು. ಬಯಲನ್ನು ನೋಡಿಕೊಳ್ಳುವುದು ಗ್ರೂನ್ ಬರ್ಲಿನ್ ಎಂಬ ಸರ್ಕಾರಿ ಸಂಸ್ಥೆ. ಟರ್ಮಿನಲ್ ಕಟ್ಟಡ, ವಿಮಾನ ಇಡುವ ದೊಡ್ಡ ಶೆಡ್ಡುಗಳಾದ ಹ್ಯಾಂಗರುಗಳು, ಅವುಗಳ ಮುಂದಿನ ಏಪ್ರನ್, ಅಂದರೆ ವಿಮಾನಗಳು ಬಂದು ನಿಲ್ಲುತ್ತಿದ್ದ ಕಾಂಕ್ರೀಟು ಅಂಗಳ, ಟೆಂಪೆಲ್‌ಹೋಫ್ ಪ್ರೊಯೆಕ್ಟ್ ಎಂಬ ಇನ್ನೊಂದು ಸಂಸ್ಥೆಯ ಕೈಯಲ್ಲಿದೆ. ಎರಡರ ನಡುವೆ ಬೇಲಿ. ಆ ಬೇಲಿ ನೋಡಲು ಚೆನ್ನಾಗಿಲ್ಲ, ಬಂದವರು ಗೊಣಗುತ್ತಾರೆ. ಆದರೂ ಅದು ಬೇಕು.

ಸ್ವಲ್ಪ ಹಿನ್ನೆಲೆ. ಸೈನ್ಯದ ಕವಾಯತು ಮೈದಾನವಾಗಿದ್ದ ಜಾಗ 1923ರಲ್ಲಿ ವಿಮಾನ ನಿಲ್ದಾಣವಾಯಿತು. ಈಗ ಕಾಣುವ ಬಿಲ್ಲಿನಾಕಾರದ ಕಟ್ಟಡ ನಾಜಿ ಕಾಲದ್ದು. ವಾಸ್ತುಶಿಲ್ಪಿ ಎರ್ನ್ಸ್ಟ್ ಸಾಗೆಬೀಲ್, ಕೆಲಸ ಶುರುವಾಗಿದ್ದು 1936ರಲ್ಲಿ, ಉದ್ದ ಸುಮಾರು 1.2 ಕಿಲೋಮೀಟರ್. ಪಕ್ಕದಲ್ಲೇ ಕೊಲಂಬಿಯಾ ಹೌಸ್ ಎಂಬ ಯಾತನಾ ಶಿಬಿರ ಇತ್ತು. ಯುದ್ಧಕಾಲದಲ್ಲಿ ಇಲ್ಲಿ ಬಲವಂತದ ಕೂಲಿಗಳಿಂದ ಯುದ್ಧವಿಮಾನ ಜೋಡಿಸಿದರು. 1948ರ ಜೂನ್‌ನಿಂದ 1949ರ ಮೇವರೆಗೆ ಸೋವಿಯತ್ ದಿಗ್ಬಂಧನ ಇದ್ದಾಗ ಪಶ್ಚಿಮ ಬರ್ಲಿನ್‌ಗೆ ಕಲ್ಲಿದ್ದಲು, ಹಿಟ್ಟು, ಹಾಲಿನ ಪುಡಿ ಬಂದಿಳಿದ ಮುಖ್ಯ ಜಾಗಗಳಲ್ಲಿ ಇದೂ ಒಂದು. 2008ರ ಏಪ್ರಿಲ್‌ನಲ್ಲಿ ನಿಲ್ದಾಣ ಉಳಿಸಬೇಕೆ ಎಂದು ಜನಮತ ಕೇಳಿದಾಗ, ಮತ ಹಾಕಿದವರಲ್ಲಿ ಹೆಚ್ಚಿನವರು ಉಳಿಸಿ ಅಂದರು. ಆದರೆ ಕಾನೂನು ಕೇಳುವಷ್ಟು ಜನ ಮತಗಟ್ಟೆಗೆ ಬರಲಿಲ್ಲ. ಮುಚ್ಚಿತು.

ಮೊದಲ ಕೆಲಸ: ವಿಮಾನ ಇಳಿಯದಂತೆ ಮಾಡುವುದು

ತಮಾಷೆಯಲ್ಲ. ಮೇಲಿನಿಂದ ನೋಡುವ ಪೈಲಟ್‌ಗೆ ಎರಡು ಕಿಲೋಮೀಟರ್ ರನ್‌ವೇ ಇನ್ನೂ ರನ್‌ವೇ ಥರವೇ ಕಾಣುತ್ತದೆ. ಆದ್ದರಿಂದ ಮುಚ್ಚಿದ ರನ್‌ವೇ ಮೇಲೆ ದೊಡ್ಡ ಬಿಳಿ ಗುಣಾಕಾರದ ಗುರುತು ಬಳಿಯಬೇಕು, ಟ್ಯಾಕ್ಸಿವೇ, ಅಂದರೆ ವಿಮಾನ ರನ್‌ವೇಗೆ ಹೋಗಿ ಬರುವ ದಾರಿಯ ಮೇಲಾದರೆ ಹಳದಿ. ಎರಡು ತುದಿಗೆ ಒಂದೊಂದು, ನಡುವೆ 300 ಮೀಟರಿಗೆ ಮೀರದ ಅಂತರದಲ್ಲಿ ಮತ್ತಷ್ಟು. ಇದು ಅಂತರರಾಷ್ಟ್ರೀಯ ನಿಯಮ. ಷಿಕಾಗೋದ ಮೀಗ್ಸ್ ಫೀಲ್ಡ್‌ನಲ್ಲಿ ಇದನ್ನು ಬಣ್ಣದಲ್ಲಿ ಮಾಡಲಿಲ್ಲ. 2003ರ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಡೇಲಿ ಬುಲ್ಡೋಜರ್ ಕಳಿಸಿ ರನ್‌ವೇಯಲ್ಲೇ ಗುಣಾಕಾರದ ಗುಂಡಿ ತೋಡಿಸಿದರು. ಮುಂಚೆ ತಿಳಿಸದ್ದಕ್ಕೆ ನಗರಕ್ಕೆ 33,000 ಡಾಲರ್ ದಂಡ ಬಿತ್ತು, ಅಲ್ಲಿ ನಿಂತಿದ್ದ ವಿಮಾನಗಳು ಟ್ಯಾಕ್ಸಿವೇಯಿಂದ ಹಾರಿ ಹೋಗಬೇಕಾಯಿತು. ಈಗ ಅಲ್ಲಿ ಪಾರ್ಕೂ ಇದೆ, ಸಂಗೀತ ಕಾರ್ಯಕ್ರಮದ ವೇದಿಕೆಯೂ ಇದೆ. ದಾರಿ ಮಾತ್ರ ಅನುಸರಿಸುವಂಥದ್ದಲ್ಲ.

ಗುರುತು ಬಳಿದ ಮೇಲೆ ರನ್‌ವೇ ದೀಪಗಳು. ಅಂಚಿನ ದೀಪಗಳನ್ನು ಕಿತ್ತರೆ ಮುಗಿಯಿತು, ತೊಂದರೆ ಕೊಡುವವು ನೆಲದೊಳಗೆ ಹುದುಗಿಸಿದವು. ದೀಪ ತೆಗೆದ ಮೇಲೆ ಅಂಗೈಗಿಂತ ಅಗಲದ ಲೋಹದ ಡಬ್ಬಿ ನೆಲದಲ್ಲೇ ಉಳಿಯುತ್ತದೆ. ಅದಕ್ಕೆ ಮುಚ್ಚಳ ಹಾಕಿ ಬಿಟ್ಟರೆ ಒಂದೆರಡು ವರ್ಷದಲ್ಲಿ ಬೋಲ್ಟ್ ತುಕ್ಕು ಹಿಡಿದು ಮುಚ್ಚಳ ಏಳುತ್ತದೆ, ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ. ತಂತಿ ಕತ್ತರಿಸಿ, ಡಬ್ಬಿಯೊಳಗೆ ಕುಗ್ಗದ ಗ್ರೌಟ್, ಅಂದರೆ ಸಿಮೆಂಟು ಗಾರೆ, ತುಂಬಿ ನೆಲಕ್ಕೆ ಸಮ ಮಾಡುವುದೇ ಸರಿ. ಸಾವಿರ ಡಬ್ಬಿಗಳಿದ್ದರೂ ಒಂದೊಂದನ್ನೂ ನಕ್ಷೆಯಲ್ಲಿ ಗುರುತು ಹಾಕಿ ಮಾಡಬೇಕು, ಬೇರೆ ದಾರಿಯಿಲ್ಲ.

ರನ್‌ವೇಯ ಎರಡು ತುದಿಗಳಲ್ಲಿ ಚಕ್ರ ನೆಲ ಮುಟ್ಟುವ ಭಾಗ ಕಪ್ಪಾಗಿರುತ್ತದೆ. ಅದು ಟೈರ್ ರಬ್ಬರು. ಒಣಗಿದ್ದಾಗ ಏನೂ ಅನ್ನಿಸುವುದಿಲ್ಲ. ಮಳೆ ಬಿದ್ದರೆ ಸ್ಕೇಟಿಂಗ್ ಮಾಡುವವರು ಅಲ್ಲೇ ಜಾರುವುದು. ದಪ್ಪ ಬಿಳಿ ಪಟ್ಟಿಗಳೂ ಅಷ್ಟೇ. ಹೆಚ್ಚು ಒತ್ತಡದ ನೀರಿನಲ್ಲಿ ರಬ್ಬರು ತೆಗೆಯಬಹುದು, ಆದರೆ ಆ ನೀರು ಹುಲ್ಲಿಗೆ ಹರಿಯದಂತೆ ಹೀರಿ ತೆಗೆಯುವ ಯಂತ್ರವೂ ಜೊತೆಗಿರಬೇಕು.

ನೆಲದಡಿ ಏನಿದೆ

ಇಲ್ಲಿ ಹಣವೂ ಹೋಗುತ್ತದೆ, ವರ್ಷಗಳೂ ಹೋಗುತ್ತವೆ. ವಿಮಾನ ನಿಲ್ದಾಣದ ಮಣ್ಣನ್ನು ಎಲ್ಲ ಕಡೆ ಒಂದೇ ಥರ ಪರೀಕ್ಷೆ ಮಾಡುವುದು ದುಡ್ಡು ದಂಡ. ಕೊಳೆ ಕೂತಿರುವುದು ಗೊತ್ತಿರುವ ಕೆಲವೇ ಜಾಗಗಳಲ್ಲಿ: ಇಂಧನದ ಟ್ಯಾಂಕುಗಳ ಸುತ್ತ, ಟ್ಯಾಂಕಿನಿಂದ ಏಪ್ರನ್‌ಗೆ ಹೋದ ಪೈಪಿನ ಜೋಡಣೆಗಳಲ್ಲಿ, ಎಂಜಿನ್ ರಿಪೇರಿ ಮಾಡುತ್ತಿದ್ದ ಹ್ಯಾಂಗರುಗಳ ಚರಂಡಿಯಲ್ಲಿ, ರೆಕ್ಕೆಯ ಹಿಮ ಕರಗಿಸುತ್ತಿದ್ದ ಅಂಗಳದಲ್ಲಿ, ಮತ್ತೆ ಅಗ್ನಿಶಾಮಕದವರು ಅಭ್ಯಾಸಕ್ಕೆ ಬೆಂಕಿ ಹಚ್ಚಿ ಆರಿಸುತ್ತಿದ್ದ ಮೂಲೆಯಲ್ಲಿ.

ಇಂಧನ ಸೋರಿದ ಮಣ್ಣು ಕೆಟ್ಟದ್ದೇ, ಆದರೆ ಅದಕ್ಕೆ ಮದ್ದಿದೆ. ತೆಗೆದು ಹರಡಿ, ಗಾಳಿಯಾಡಿಸಿ, ಗೊಬ್ಬರದ ಅಂಶ ಕೊಟ್ಟರೆ ಬ್ಯಾಕ್ಟೀರಿಯಾ ತಿಂದುಹಾಕುತ್ತವೆ. ಅಗ್ನಿಶಾಮಕ ನೊರೆಯಲ್ಲಿದ್ದ ಪಿಎಫ್ಎಎಸ್ ರಾಸಾಯನಿಕಗಳ ಕಥೆ ಬೇರೆ. ಅವು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಅಂತರ್ಜಲದ ಜೊತೆ ಸಾಗುತ್ತ ಹೋಗುತ್ತವೆ. ನೀರನ್ನು ಮೇಲಕ್ಕೆತ್ತಿ ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸಬೇಕು, ಆ ಇದ್ದಿಲನ್ನು ಬದಲಿಸುತ್ತಲೇ ಇರಬೇಕು. ಹಾಗಾಗಿ ಪಾರ್ಕಿನ ನಕ್ಷೆ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ: ಅಗ್ನಿಶಾಮಕದ ಅಭ್ಯಾಸ ಎಲ್ಲಿ ನಡೆಯುತ್ತಿತ್ತು? ಆ ಜಾಗದಲ್ಲಿ ಕೆರೆ, ಕಾರಂಜಿ, ಮಕ್ಕಳ ಮರಳಾಟದ ಅಂಗಳ ಯಾವುದೂ ಬೇಡ. ಹಳೆಯ ನೌಕರರಿಗೆ ಇದು ಬಾಯಿಪಾಠ, ಕಡತದಲ್ಲಿ ಹಲವು ಸಲ ಇರುವುದೇ ಇಲ್ಲ.

ಬರ್ಲಿನ್‌ನಲ್ಲಿ ಇನ್ನೊಂದು ತಲೆನೋವು ಎರಡನೇ ಮಹಾಯುದ್ಧದ ಸಿಡಿಯದ ಬಾಂಬು. ಆ ನಗರದಲ್ಲಿ ಎಲ್ಲೇ ಆಳಕ್ಕೆ ಅಗೆಯುವ ಮೊದಲೂ ಈ ಪ್ರಶ್ನೆ ಎದುರಾಗುತ್ತದೆ. ಹುಲ್ಲಿನ ಮೇಲೆ ಕಬ್ಬಿಣ ಪತ್ತೆ ಮಾಡುವ ಉಪಕರಣ ಓಡಿಸಿದರೆ ಸಾಕು. ಕಂಬಿ ಹಾಕಿದ ಕಾಂಕ್ರೀಟಿನ ಮೇಲೆ ಅದು ಕುರುಡು, ಎಲ್ಲೆಲ್ಲೂ ಕಬ್ಬಿಣವೇ ಕಾಣುತ್ತದೆ. ಅಲ್ಲಿ ಕಾಂಕ್ರೀಟು ಕೊರೆದು, ತೂತಿನೊಳಗೆ ಉಪಕರಣ ಇಳಿಸಿ ಅಳೆಯಬೇಕು. ಸರಿಯಾಗಿ ಸಾಲು ಹಿಡಿದು ಕೊರೆಯದಿದ್ದರೆ ನಡುವೆ ಒಂದು ಉಳಿದುಬಿಡಬಹುದು.

ಇದನ್ನೆಲ್ಲ ತಿಳಿದವರಿಗೆ ಟೆಂಪೆಲ್‌ಹೋಫ್‌ನ ಸಮುದಾಯ ತೋಟ ಯಾಕೆ ಹಾಗಿದೆ ಎಂದು ಅರ್ಥವಾಗುತ್ತದೆ. ಆಲ್‌ಮೆಂಡೆ ಕೊಂಟೋರ್ ಎಂಬ ಆ ತೋಟ 2011ರಲ್ಲಿ ನಾಯ್ಕೋಲ್ನ್ ಬಡಾವಣೆಯ ಕಡೆಗೆ ಶುರುವಾಯಿತು. ನೆಲದಲ್ಲಿ ಏನೂ ನೆಡುವಂತಿಲ್ಲ. ಹಳೆಯ ಹಲಗೆ, ಪೆಟ್ಟಿಗೆ, ಸ್ನಾನದ ತೊಟ್ಟಿ, ಸಿಕ್ಕಿದ್ದರಲ್ಲೆಲ್ಲ ಎತ್ತರದ ಮಡಿ ಮಾಡಿ ಹೊರಗಿನ ಮಣ್ಣು ತುಂಬಿದ್ದಾರೆ. ಇಂಥ ಮಡಿ ಮಾಡುವವರಿಗೆ: ತಳಕ್ಕೆ ಬೇರು ದಾಟದ, ನೀರು ದಾಟುವ ಬಟ್ಟೆ ಹಾಸಬೇಕು. ಟೊಮೇಟೊ, ಬೀನ್ಸ್ ಬೆಳೆಯಲು ಕನಿಷ್ಠ 40 ಸೆಂಟಿಮೀಟರ್ ಮಣ್ಣು ಬೇಕು. ಹಳೆಯ ರೈಲ್ವೆ ಸ್ಲೀಪರ್ ಮತ್ತು ಎಣ್ಣೆ ಕುಡಿಸಿದ ಮರ ಬೇಡವೇ ಬೇಡ, ಅದರಲ್ಲಿರುವ ಕ್ರಿಯೋಸೋಟ್ ಸೊಪ್ಪಿಗೆ ಇಳಿಯುತ್ತದೆ. ಬಯಲಲ್ಲಿ ಗಾಳಿ ಜಾಸ್ತಿ ಇರುವುದರಿಂದ ಮಡಿ ಬೇಗ ಒಣಗುತ್ತದೆ, ಮೇಲೆ ಒಣಹುಲ್ಲು ಮುಚ್ಚದಿದ್ದರೆ ಬೇಸಿಗೆಯಲ್ಲಿ ದಿನಾ ನೀರು ಹೊರಬೇಕು.

ರನ್‌ವೇ ಒಡೆಯಬೇಕೇ, ಬಿಡಬೇಕೇ

ಲೆಕ್ಕ ಹಾಕಿ ನೋಡಿ. ಎರಡು ಕಿಲೋಮೀಟರ್ ಉದ್ದ, 45 ಮೀಟರ್ ಅಗಲ, 40 ಸೆಂಟಿಮೀಟರ್ ದಪ್ಪದ ಒಂದು ಕಾಂಕ್ರೀಟು ಪಟ್ಟಿ ಅಂದರೆ 36,000 ಘನ ಮೀಟರ್. ತೂಕ 86,000 ಟನ್ನಿಗೂ ಹೆಚ್ಚು. 20 ಟನ್ನಿನ ಟಿಪ್ಪರಿನಲ್ಲಿ ಸಾಗಿಸಿದರೆ 4,300 ಲೋಡು, ಅದೂ ವಸತಿ ಬೀದಿಗಳ ಮೇಲೆ. ಇಷ್ಟು ಮಾಡಿದ ಮೇಲೂ ಕೆಳಗೆ ಸಿಗುವುದು ತೋಟದ ಮಣ್ಣಲ್ಲ. ರೋಲರ್ ಹಾಯಿಸಿ ಹಾಯಿಸಿ ಕಲ್ಲಿನಂತಾದ ತಳಪಾಯ.

ಅನೇಕರು ಇಲ್ಲಿ ಮಾಡುವ ತಪ್ಪು, ಕಾಂಕ್ರೀಟಿನಲ್ಲಿ ಅಲ್ಲಲ್ಲಿ ಚೌಕ ಕತ್ತರಿಸಿ ಮರ ನೆಡುವುದು. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಮಳೆ ಬಂದಾಗ ಸುತ್ತಲಿನ ನೀರೆಲ್ಲ ಆ ಗುಂಡಿಗೆ ಇಳಿಯುತ್ತದೆ, ತಳ ಗಟ್ಟಿಯಾದ್ದರಿಂದ ಇಂಗುವುದಿಲ್ಲ. ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಬದುಕಿದ ಮರದ ಎಲೆ ಹಳದಿಯಾಗುತ್ತದೆ, ಯಾಕೆಂದರೆ ಕಾಂಕ್ರೀಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗದಂತಾಗಿರುತ್ತದೆ. ಗೊಬ್ಬರ ಹಾಕಿದರೂ ಗುಣವಾಗುವುದಿಲ್ಲ. ಮರ ಬೇಕೇ ಬೇಕೆಂದರೆ ಒಂದು ಪೂರ್ತಿ ಪಟ್ಟಿಯನ್ನೇ ತೆಗೆದು, ತಳವನ್ನು 60 ಸೆಂಟಿಮೀಟರಿಗೂ ಆಳಕ್ಕೆ ಸಡಿಲಿಸಿ, ಮರದಿಂದ ಮರಕ್ಕೆ ಮಣ್ಣು ಸೇರುವ ಹಾಗೆ ಉದ್ದ ಕಂದಕ ಮಾಡಿ, ಕೊನೆಯಲ್ಲಿ ನೀರು ಹೊರಹೋಗಲು ದಾರಿ ಬಿಡಬೇಕು. ಒಡೆದ ಕಾಂಕ್ರೀಟನ್ನು ಜಲ್ಲಿ ಮಾಡಿ ಅಲ್ಲೇ ದಾರಿಗಳ ತಳಪಾಯಕ್ಕೆ ಬಳಸಬಹುದು, ಮರದ ಬುಡಕ್ಕೆ ಮಾತ್ರ ಬೇಡ.

ಟೆಂಪೆಲ್‌ಹೋಫ್‌ನವರು ಒಡೆಯಲಿಲ್ಲ. ಎರಡು ರನ್‌ವೇ ಮತ್ತು ಅವನ್ನು ಸುತ್ತುವ ಟ್ಯಾಕ್ಸಿವೇ ಸೇರಿ ಸುಮಾರು ಆರು ಕಿಲೋಮೀಟರಿನ ಸುತ್ತು ದಾರಿ ತಾನಾಗೇ ಸಿಕ್ಕಿತು. ಸೈಕಲ್, ಓಟ, ಸ್ಕೇಟಿಂಗ್, ಗಾಳಿಪಟ ಕಟ್ಟಿದ ಚಕ್ರದ ಹಲಗೆ ಎಲ್ಲವೂ ಒಟ್ಟೊಟ್ಟಿಗೆ ನಡೆಯುತ್ತವೆ. ಅಗಲ ಹೆಚ್ಚಿರುವುದರಿಂದಲೇ ಡಿಕ್ಕಿ ಕಡಿಮೆ. ನಾಲ್ಕು ಮೀಟರಿನ ಪಾರ್ಕ್ ದಾರಿಯಲ್ಲಿ ಇಷ್ಟು ಥರದ ವೇಗಗಳನ್ನು ಬೆರೆಸಿದರೆ ದಿನಾ ಜಗಳ.

ಆದರೆ ಬಿಟ್ಟ ಕಾಂಕ್ರೀಟು ಸುಮ್ಮನಿರುವುದಿಲ್ಲ. ಚಪ್ಪಡಿಗಳ ನಡುವಿನ ಸಂದಿಯಲ್ಲಿ ತುಂಬಿದ ಮೇಣದಂಥ ವಸ್ತು ಬಿಸಿಲಿಗೆ ಗಡುಸಾಗಿ ಬಿರಿಯುತ್ತದೆ. ಸಂದಿಗೆ ಧೂಳು, ಧೂಳಿಗೆ ಬೀಜ, ಬೀಜಕ್ಕೆ ಬೇರು. ಚಳಿಗಾಲದಲ್ಲಿ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿ ಅಂಚು ಒಡೆಯುತ್ತದೆ. ಒಂದು ಸೆಂಟಿಮೀಟರ್ ಅಗಲದ ಸಂದಿ ಸೈಕಲ್ಲಿಗೆ ಏನೂ ಅಲ್ಲ, ಸ್ಕೇಟಿನ ಸಣ್ಣ ಚಕ್ರಕ್ಕೆ ಗುಂಡಿ. ಅದಕ್ಕೆ ಎಲ್ಲವನ್ನೂ ರಿಪೇರಿ ಮಾಡಲು ಹೋಗದೆ, ಹೆಚ್ಚು ಓಡಾಟದ ಒಂದು ಪಟ್ಟಿಯನ್ನು ಆರಿಸಿ ಅದರ ಸಂದಿಗಳನ್ನು ಮಾತ್ರ ಕೆರೆದು, ಒಣಗಿಸಿ, ಹೊಸದಾಗಿ ತುಂಬುವುದು ಜಾಣತನ. ಒದ್ದೆ ಸಂದಿಗೆ ತುಂಬಿದ್ದು ಆರು ತಿಂಗಳೂ ಬಾಳುವುದಿಲ್ಲ.

ನೀರಿನ ಮಾತು ಬಂತು. ರನ್‌ವೇ ನಡುವೆ ಉಬ್ಬಿ ಎರಡು ಕಡೆಗೆ ನೂರಕ್ಕೆ ಒಂದೂವರೆಯಷ್ಟು ಇಳಿಜಾರು ಇರುವ ಹಾಗೆ ಕಟ್ಟಿರುತ್ತಾರೆ. ವಿಮಾನ ನಿಲ್ದಾಣದ ಚರಂಡಿಯ ಗುರಿ ಒಂದೇ, ನೀರನ್ನು ಆದಷ್ಟು ಬೇಗ ಹೊರಗೆ ಹಾಕುವುದು. ಪಾರ್ಕಿಗೆ ಬೇಕಾದದ್ದು ಅದರ ತದ್ವಿರುದ್ಧ. ಮೇಲಿನ ರನ್‌ವೇ ಲೆಕ್ಕದಲ್ಲಿ 90,000 ಚದರ ಮೀಟರ್ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆಯಾದರೆ 45 ಲಕ್ಷ ಲೀಟರ್ ನೀರು. ಹಳೆಯ ಚರಂಡಿ ಬಾಯಿಗಳನ್ನು ಮುಚ್ಚಿ ನೀರನ್ನು ಪಕ್ಕದ ಹುಲ್ಲಿಗೆ ಬಿಟ್ಟರೆ ಅಷ್ಟೂ ಇಂಗೀತು. ಆದರೆ ಮುಚ್ಚುವ ಮೊದಲು ಆ ಹುಲ್ಲಿನಡಿಯ ಮಣ್ಣಿನಲ್ಲಿ ಕೊಳೆ ಇಲ್ಲವೆಂದು ಖಾತ್ರಿಯಾಗಬೇಕು. ಇಲ್ಲದಿದ್ದರೆ ಕೊಳೆಯನ್ನು ನಾವೇ ಅಂತರ್ಜಲಕ್ಕೆ ತೊಳೆದು ಕಳಿಸಿದಂತೆ.

ಹುಲ್ಲು, ಹಕ್ಕಿ, ಮರವಿಲ್ಲದ ನಡುಬಯಲು

ವಿಮಾನ ನಿಲ್ದಾಣದಲ್ಲಿ ದಶಕಗಟ್ಟಲೆ ಉಳುಮೆಯಿಲ್ಲ, ಮನುಷ್ಯರ ಕಾಲ್ತುಳಿತವಿಲ್ಲ. ಹೀಗಾಗಿ ನಗರದಲ್ಲೆಲ್ಲೂ ಸಿಗದ ಒಣ ಹುಲ್ಲುಗಾವಲು ಅಲ್ಲಿ ಉಳಿದಿರುತ್ತದೆ. ಟೆಂಪೆಲ್‌ಹೋಫ್‌ನಲ್ಲಿ ಸ್ಕೈಲಾರ್ಕ್ ಹಕ್ಕಿ ನೆಲದಲ್ಲೇ ಗೂಡು ಕಟ್ಟುತ್ತದೆ. ಏಪ್ರಿಲ್‌ನಿಂದ ಜುಲೈ ಕೊನೆಯವರೆಗೆ ನಡುವಿನ ಹುಲ್ಲಿಗೆ ಜನ ಹೋಗುವಂತಿಲ್ಲ. ನಾಯಿಗಳನ್ನು ಹಗ್ಗ ಬಿಚ್ಚಿ ಬಿಡಲು ಬೇರೆಯೇ ಬೇಲಿ ಹಾಕಿದ ಅಂಗಳಗಳಿವೆ. ಹುಲ್ಲು ಕೊಯ್ಯುವುದೂ ಮರಿ ಹಾರಿದ ಮೇಲೆ, ಒಂದೇ ಸಲ ಎಲ್ಲವನ್ನೂ ಬೋಳಿಸದೆ ಪಟ್ಟಿ ಪಟ್ಟಿಯಾಗಿ. ಕೊಯ್ದ ಹುಲ್ಲನ್ನು ಅಲ್ಲೇ ಬಿಡಬಾರದು. ಬಿಟ್ಟರೆ ಅದು ಕೊಳೆತು ನೆಲ ಫಲವತ್ತಾಗುತ್ತದೆ, ತೆಳ್ಳಗಿನ ಹುಲ್ಲು, ಸಣ್ಣ ಹೂಗಿಡಗಳ ಜಾಗದಲ್ಲಿ ದಪ್ಪ ಕಳೆ ಎದ್ದು ನಿಲ್ಲುತ್ತದೆ.

ಮರ ಯಾಕೆ ಇಲ್ಲ ಎಂದು ಹೊಸಬರು ಕೇಳುತ್ತಾರೆ. ಮರವಿದ್ದರೆ ಕಾಗೆ, ಗಿಡುಗ ಕೂರಲು ಜಾಗ ಸಿಕ್ಕಿತು, ಮೊಟ್ಟೆ ಉಳಿಯದು. ಎತ್ತರದ ಏನೇ ಇದ್ದರೂ ಸ್ಕೈಲಾರ್ಕ್ ಅದರ ಹತ್ತಿರ ಗೂಡು ಕಟ್ಟುವುದಿಲ್ಲ. ಇನ್ನೊಂದು, ಬೇಸಿಗೆಯ ರಾತ್ರಿ ತೆರೆದ ಹುಲ್ಲು ಬೇಗ ತಣಿಯುತ್ತದೆ, ಆ ತಂಪು ಗಾಳಿ ಪಕ್ಕದ ಒತ್ತೊತ್ತಾದ ಬಡಾವಣೆಗಳಿಗೆ ಹರಿಯುತ್ತದೆ. ಅಂಚಿನಲ್ಲಿ ಗೋಡೆಯಂತೆ ಕಟ್ಟಡ ಎಬ್ಬಿಸಿದರೆ ಆ ಹರಿವು ನಿಲ್ಲುತ್ತದೆ.

ಇದೇ ವಾದ 2014ರಲ್ಲಿ ಬೀದಿಗೆ ಬಂತು. ನಗರ ಸರ್ಕಾರ ಅಂಚಿನಲ್ಲಿ ಸುಮಾರು 4,700 ಮನೆ ಮತ್ತು ಕೇಂದ್ರ ಗ್ರಂಥಾಲಯ ಕಟ್ಟಲು ಹೊರಟಿತ್ತು. ಮೇ 25ರ ಜನಮತದಲ್ಲಿ 64.3 ಪ್ರತಿಶತ ಜನ ಬಯಲು ಹಾಗೇ ಇರಲಿ ಅಂದರು, ಅದು ಕಾನೂನಾಯಿತು. ನಡುಬಯಲಿಗೆ ಒಂದು ನಿಯಮ, ಹೊರಸುತ್ತಿಗೆ ಇನ್ನೊಂದು. ನಡುವೆ ಏನೂ ಇಲ್ಲ, ಹೊರಸುತ್ತಿನಲ್ಲಿ ಬೆಂಚು, ಶೌಚಾಲಯ, ತಾತ್ಕಾಲಿಕ ಚಟುವಟಿಕೆಗೆ ಅವಕಾಶ. 2015ರ ಶರತ್ಕಾಲದಲ್ಲಿ ಸಾವಿರಾರು ನಿರಾಶ್ರಿತರು ಬಂದಾಗ ಹ್ಯಾಂಗರುಗಳಲ್ಲಿ ಮಂಚ ಹಾಕಿ ಇರಿಸಿದರು, ತಾತ್ಕಾಲಿಕ ವಸತಿಗಾಗಿ ಆ ಕಾನೂನಿಗೆ 2016ರಲ್ಲಿ ತಿದ್ದುಪಡಿಯೂ ಆಯಿತು. 2023ರಲ್ಲಿ ಬಂದ ನಗರ ಸರ್ಕಾರ ಅಂಚಿನ ಮನೆಗಳ ಮಾತನ್ನು ಮತ್ತೆ ಎತ್ತಿದೆ. ಬರ್ಲಿನ್‌ನಲ್ಲಿ ಬಾಡಿಗೆ ಏರಿರುವ ಪರಿ ನೋಡಿದರೆ ಆ ಕೂಗಿನಲ್ಲಿ ಹುರುಳಿಲ್ಲ ಅನ್ನಲಾಗದು. ಆದರೂ ಕಟ್ಟಿದ ಬಯಲು ಮತ್ತೆ ಬಯಲಾಗುವುದಿಲ್ಲ.

ಕಾಂಕ್ರೀಟಿನ ಮೇಲೆ ಕಾರ್ಯಕ್ರಮ

ಏಪ್ರನ್‌ನಂಥ ಕಾರ್ಯಕ್ರಮದ ಅಂಗಳ ಹೊಸದಾಗಿ ಕಟ್ಟಿದರೂ ಸಿಗುವುದಿಲ್ಲ. ಹತ್ತಾರು ಟನ್ ವಿಮಾನ ಹೊತ್ತ ನೆಲ, ಕ್ರೇನ್ ಬಂದರೂ ಅಲುಗದು. ಮಳೆ ಬಂದರೆ ಕೆಸರಿಲ್ಲ. ಸುಮಾರು 40 ಮೀಟರ್ ಮುಂಚಾಚಿದ, ಕಂಬವಿಲ್ಲದ ಚಾವಣಿ ಬೇರೆ. ಫಾರ್ಮುಲಾ ಇ ವಿದ್ಯುತ್ ಕಾರುಗಳ ರೇಸು 2015ರಿಂದ ಇಲ್ಲಿ ನಡೆದಿದೆ. 2020ರ ಆಗಸ್ಟ್‌ನಲ್ಲಿ ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಲ್ಲದೆ ಒಂಬತ್ತು ದಿನಗಳಲ್ಲಿ ಆರು ರೇಸು ಇಲ್ಲೇ ಮುಗಿಸಿದರು. ಒರಟು ಕಾಂಕ್ರೀಟು ಟೈರನ್ನು ತಿನ್ನುತ್ತದೆ ಎಂದು ಚಾಲಕರು ದೂರುತ್ತಾರೆ. ವಿಮಾನ ಜಾರದಿರಲೆಂದೇ ಹಾಗೆ ಒರಟು ಮಾಡಿರುವುದು.

ತೊಂದರೆ ಶುರುವಾಗುವುದು ಗೂಟ ಹೊಡೆಯುವಾಗ. ಹೊಡೆಯುವಂತಿಲ್ಲ. ಕೆಳಗೆ ತಂತಿ, ಪೈಪು, ಇನ್ನೇನಿದೆಯೋ. ಹೀಗಾಗಿ ಶಾಮಿಯಾನ, ವೇದಿಕೆ, ತಡೆಗೋಡೆ ಎಲ್ಲವೂ ತೂಕದ ಮೇಲೇ ನಿಲ್ಲಬೇಕು. ಆ ತೂಕ ಎಷ್ಟೆಂದು ಕಣ್ಣಳತೆಯಲ್ಲಿ ಹೇಳುವವರನ್ನು ನಂಬಬೇಡಿ. ಒಂದು ಉದಾಹರಣೆ: 10 ಮೀಟರ್ ಉದ್ದ, 3 ಮೀಟರ್ ಎತ್ತರದ ಬಟ್ಟೆಯ ಗೋಡೆ. ಗಾಳಿ ಗಂಟೆಗೆ 72 ಕಿಲೋಮೀಟರ್ ಬೀಸಿದರೆ ಅದರ ಮೇಲೆ ಬೀಳುವ ತಳ್ಳು ಸುಮಾರು 900 ಕೆ.ಜಿ. ಕಬ್ಬಿಣದ ತಳ ಕಾಂಕ್ರೀಟಿನ ಮೇಲೆ ಜಾರದಿರಲು, ಘರ್ಷಣೆ 0.4 ಎಂದು ಹಿಡಿದರೆ, 2,250 ಕೆ.ಜಿ. ಬೇಕು. ಸಾವಿರ ಲೀಟರಿನ ಚೌಕ ನೀರಿನ ಟ್ಯಾಂಕು ಎರಡು ಸಾಲದು, ಮೂರು ಬೇಕು. ಇದು ಜಾರುವುದರ ಲೆಕ್ಕ ಮಾತ್ರ, ಮಗುಚುವುದರ ಲೆಕ್ಕ ಬೇರೆ. ಮತ್ತೆ ಆ ಟ್ಯಾಂಕು ತುಂಬಿದೆಯೇ ಎಂದು ಪ್ರತಿದಿನ ಬೆಳಗ್ಗೆ ಯಾರಾದರೂ ಬಡಿದು ನೋಡಬೇಕು. ನಲ್ಲಿ ಸೋರಿ ಅರ್ಧ ಖಾಲಿಯಾದ ಟ್ಯಾಂಕು ಹೊರಗಿನಿಂದ ಗೊತ್ತಾಗುವುದಿಲ್ಲ. ಬಯಲಿನಲ್ಲಿ ಗಾಳಿಗೆ ತಡೆಯೇ ಇಲ್ಲ, ನಗರದ ಹವಾಮಾನ ವರದಿಯಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಜೋರಿರುತ್ತದೆ ಎಂದೇ ಹಿಡಿಯಬೇಕು. ಗಾಳಿಯ ವೇಗ ಅಳೆಯುವ ಮಾಪಕ ವೇದಿಕೆಯ ತುದಿಯಲ್ಲಿರಬೇಕು. ಯಾವ ವೇಗಕ್ಕೆ ಪರದೆ ಇಳಿಸುವುದು, ಯಾವ ವೇಗಕ್ಕೆ ಜನರನ್ನು ಹೊರಗೆ ಕಳಿಸುವುದು, ನಿರ್ಧಾರ ಯಾರದ್ದು, ಮೂರೂ ಮೊದಲೇ ಬರೆದಿರಬೇಕು.

ವಿದ್ಯುತ್ತು ಇನ್ನೊಂದು ಮೋಸ. ವಿಮಾನ ನಿಲ್ಲುವ ಕಡೆ ದಪ್ಪ ಕೇಬಲ್ ಕಂಡು ಸಂತೋಷಪಡಬೇಡಿ. ನಿಂತ ವಿಮಾನಕ್ಕೆ ಕೊಡುವ ಕರೆಂಟು 115 ವೋಲ್ಟ್, 400 ಹರ್ಟ್ಜ್. ದೀಪ, ಧ್ವನಿವರ್ಧಕಕ್ಕೆ ಅದು ಕೆಲಸಕ್ಕೆ ಬಾರದು. ಜನರೇಟರ್ ತರಬೇಕು, ಇಲ್ಲವೇ ಹೊಸ ಟ್ರಾನ್ಸ್‌ಫಾರ್ಮರ್ ಹಾಕಬೇಕು.

ಧ್ವನಿಗೆ ಈ ಕಟ್ಟಡ ಒಳ್ಳೆಯದಲ್ಲ. ಬಿಲ್ಲಿನ ಒಳಬಾಗು ಅಂಗಳದ ಕಡೆಗಿದೆ. ವೇದಿಕೆಯನ್ನು ಕಟ್ಟಡದ ಕಡೆ ಮುಖ ಮಾಡಿ ನೂರು ಮೀಟರ್ ದೂರ ಇಟ್ಟರೆ ಶಬ್ದ ಹೋಗಿ ಮರಳಿ ಬರಲು ಸುಮಾರು 0.6 ಸೆಕೆಂಡು, ಪ್ರತಿಧ್ವನಿ ಕಿವಿಗೆ ಬೇರೆಯಾಗೇ ಕೇಳುತ್ತದೆ. ಬಯಲಿನ ಕಡೆ ಮುಖ ಮಾಡಿದರೆ ಶಬ್ದ ತಡೆಯಿಲ್ಲದೆ ಆಚೆಯ ಬಡಾವಣೆ ಮುಟ್ಟುತ್ತದೆ. ಒಂದು ದೊಡ್ಡ ಧ್ವನಿಗೋಪುರದ ಬದಲು ಜನರ ನಡುವೆ ಸಣ್ಣ ಸಣ್ಣ ಗೋಪುರಗಳನ್ನು ನಿಲ್ಲಿಸಿ ಒಂದೊಂದಕ್ಕೂ ತಕ್ಕ ವಿಳಂಬ ಕೊಟ್ಟರೆ ಎರಡೂ ಕಡೆ ಸ್ವಲ್ಪ ಸಮಾಧಾನ.

ಜನಸಂದಣಿಯ ಲೆಕ್ಕದಲ್ಲಿ ಜರ್ಮನಿಯ ನಿಯಮ ಸ್ಪಷ್ಟ. ನಿಂತು ನೋಡುವ ಕಾರ್ಯಕ್ರಮಕ್ಕೆ ಚದರ ಮೀಟರಿಗೆ ಇಬ್ಬರು. ಹೊರಗೆ ಹೋಗುವ ದಾರಿ ಬಯಲಿನಲ್ಲಿ 600 ಜನಕ್ಕೆ 1.2 ಮೀಟರ್, ಕಟ್ಟಡದೊಳಗೆ 200 ಜನಕ್ಕೇ 1.2 ಮೀಟರ್. ಅಂದರೆ ಹೊರಗಿನ 20,000 ಜನರಿಗೆ ಒಟ್ಟು 40 ಮೀಟರ್ ಬಾಗಿಲು ಸಾಕಾದರೆ, ಹ್ಯಾಂಗರೊಳಗಿನ 5,000 ಜನರಿಗೇ 30 ಮೀಟರ್ ಬೇಕು. ಏಪ್ರನ್ ಮೇಲೆ ಒಂದು ವೇದಿಕೆ, ಹ್ಯಾಂಗರೊಳಗೆ ಇನ್ನೊಂದು ಇಟ್ಟು ಒಂದೇ ಟಿಕೆಟ್ ಮಾರಿದರೆ ಇಲ್ಲೇ ಪೆಟ್ಟು. ಹೊರಗಿನ ಹಾಡು ಮುಗಿದ ಕೂಡಲೇ ಎಲ್ಲರೂ ಒಳಗಿನದ್ದಕ್ಕೆ ನುಗ್ಗುತ್ತಾರೆ. 2010ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಡೆದ ಬರ್ಲಿನ್ ಫೆಸ್ಟಿವಲ್‌ನ ಮೊದಲ ರಾತ್ರಿಯನ್ನು ಹ್ಯಾಂಗರಿನ ಬಾಗಿಲಲ್ಲಿ ಜನ ಒತ್ತರಿಸಿದ್ದರಿಂದ ನಡುವೆಯೇ ನಿಲ್ಲಿಸಿದರು. ಡುಯಿಸ್‌ಬುರ್ಗ್‌ನ ಲವ್ ಪೆರೇಡ್‌ನಲ್ಲಿ ಕಾಲ್ತುಳಿತಕ್ಕೆ 21 ಜನ ಸತ್ತು ಎರಡು ತಿಂಗಳೂ ಆಗಿರಲಿಲ್ಲ, ನಿಲ್ಲಿಸಿದ್ದೇ ಸರಿ. ಹ್ಯಾಂಗರಿಗೆ ಬೇರೆ ಟಿಕೆಟ್ ಅಥವಾ ಬೇರೆ ಬಣ್ಣದ ಕೈಪಟ್ಟಿ ಇರಲಿ. ಎರಡು ವೇದಿಕೆಗಳ ಸಮಯ ಒಂದರ ಮೇಲೊಂದು ಅರ್ಧ ಗಂಟೆಯಾದರೂ ಬೀಳಲಿ, ಆಗ ಜನ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಾರೆ.

ಈ ಎಲ್ಲ ಗದ್ದಲ ಬೇಲಿಯ ಒಳಗೇ ಮುಗಿಯಬೇಕು. ಲಾರಿಗಳು ರಸ್ತೆಯ ಕಡೆಯಿಂದ ಬಂದು ಅದೇ ಕಡೆ ಹೋಗಬೇಕು. ಒಂದು ಸಲ ಹುಲ್ಲಿನ ಮೇಲೆ ಲಾರಿ ಬಿಟ್ಟರೆ ಆ ಚಕ್ರದ ಗುರುತು ಮೂರು ಮಳೆಗಾಲಕ್ಕೂ ಮಾಸುವುದಿಲ್ಲ, ಮುಂದಿನ ವರ್ಷದ ಸಂಘಟಕರು ಅದನ್ನೇ ರಸ್ತೆ ಅನ್ನುತ್ತಾರೆ.

ಬೆಂಗಳೂರಿಗೆ ಹೊಂದುತ್ತದೆಯೇ

2008ರ ಮೇ 24ರಂದು ಬೆಂಗಳೂರಿನ ಎಚ್ಎಎಲ್ ನಿಲ್ದಾಣದಿಂದಲೂ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದವು. ಆದರೆ ಅದು ಮುಚ್ಚಿಲ್ಲ. ಎಚ್ಎಎಲ್ ಪರೀಕ್ಷಾ ಹಾರಾಟ, ವಾಯುಪಡೆ, ಗಣ್ಯರ ವಿಮಾನಗಳು ಅಲ್ಲಿ ಇಂದಿಗೂ ಇಳಿಯುತ್ತವೆ. ಹಾಗಾಗಿ ಪಾರ್ಕಿನ ಮಾತು ಸದ್ಯಕ್ಕಿಲ್ಲ. ಮುಂದೆಂದಾದರೂ ನಮ್ಮ ಕಡೆ ಇಂಥ ಜಾಗ ಸಿಕ್ಕರೆ ಬರ್ಲಿನ್‌ನ ಮರವಿಲ್ಲದ ಬಯಲನ್ನು ಹಾಗೇ ತರಲಾಗದು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಕಾಂಕ್ರೀಟು 50 ಡಿಗ್ರಿ ದಾಟುತ್ತದೆ, ಹನ್ನೊಂದರಿಂದ ನಾಲ್ಕರವರೆಗೆ ಅಲ್ಲಿ ಯಾರೂ ಇರಲಾರರು. ರನ್‌ವೇಗೆ ಸಮವಾಗಿ ಒಂದೇ ಅಂಚಿನಲ್ಲಿ ಹೊಂಗೆ, ಹುಣಸೆಯ ಸಾಲು ಬೇಕು, ಆಮೇಲೆ ಮಳೆಗಾಲಕ್ಕೆ ಕೆರೆ. ಇಕ್ವೆಡಾರ್‌ನ ಕೀಟೋ ನಗರ 2013ರಲ್ಲಿ ಹಳೆಯ ನಿಲ್ದಾಣ ಮುಚ್ಚಿ, ಕೆಲವೇ ತಿಂಗಳಲ್ಲಿ ಬಿಸೆಂಟೆನಾರಿಯೊ ಪಾರ್ಕ್ ಎಂದು ತೆರೆದಾಗಲೂ ರನ್‌ವೇ ಉಳಿಸಿಕೊಂಡು ಸುತ್ತ ಗಿಡ ನೆಡುತ್ತ ಹೋದರು. ನಮಗೆ ಅದು ಹತ್ತಿರದ ಮಾದರಿ.

ಬರ್ಲಿನ್‌ನಲ್ಲಿರುವ ಕನ್ನಡಿಗರು ನೋಡಲು ಹೋಗುವುದಾದರೆ ಯು8 ಮೆಟ್ರೋ ಸಾಲಿನಲ್ಲಿ ಬೋಡಿನ್‌ಸ್ಟ್ರಾಸೆ ಅಥವಾ ಲೈನೆಸ್ಟ್ರಾಸೆ, ಯು6ರಲ್ಲಿ ಪರಾಡೆಸ್ಟ್ರಾಸೆ ಇಳಿದರೆ ಗೇಟು ಹತ್ತಿರ. ಮುಚ್ಚುವ ಹೊತ್ತು ಸೂರ್ಯಾಸ್ತಕ್ಕೆ ತಕ್ಕಂತೆ ಬದಲಾಗುತ್ತದೆ, ಗೇಟಿನ ಫಲಕ ನೋಡಿಯೇ ಒಳಗೆ ಹೋಗಿ. ಜುಲೈನಲ್ಲೂ ಗಾಳಿಗೆ ತಡೆಯುವ ಜಾಕೆಟ್ ಇರಲಿ. ನಡುಬಯಲಿಗೆ ಹೋಗುವ ಮೊದಲು ನೀರಿನ ಬಾಟಲಿ ತುಂಬಿಸಿಕೊಳ್ಳಿ. ಇದ್ದಿಲು ಒಲೆ ಹಚ್ಚಲು ಮೂರು ಜಾಗ ಗುರುತು ಮಾಡಿದ್ದಾರೆ, ಬೇರೆಡೆ ಹಚ್ಚುವಂತಿಲ್ಲ.